ಹಾಡಿಗೆ ಮುಖ ಬರೆದವರು

ಒಂದು ಪ್ರಶ್ನೆಯೊಂದಿಗೆ ಈ ಮಾತನ್ನು ಆರಂಭಿಸುತ್ತೇನೆ. ನಿಮಗೆ ಬಹಳ ಇಷ್ಟವಾದ ಒಂದು ಚಿತ್ರಗೀತೆಯನ್ನು ನೆನಪು ಮಾಡಿಕೊಳ್ಳಿ. ಹಾಡಿನ ಜೊತೆಯಲ್ಲಿ ಒಂದು ಮುಖವೂ ನೆನಪಿಗೆ ಬಂದಿತಲ್ಲವೇ? ಆ ಮುಖ ಯಾರದು? ಹಾಡಿದವರದೇ, ಬರೆದವರದೇ, ರಾಗ ಸಂಯೋಜನೆ ಮಾಡಿದವರದೇ? ಬಹುಮಟ್ಟಿಗೆ ಇವರಾರದೂ ಅಲ್ಲ. ತೆರೆಯ ಮೇಲೆ ಆ ಹಾಡಿಗೆ ತುಟಿಯಾಡಿಸಿದ ನಟನದೋ ನಟಿಯದೋ ಆಗಿರುತ್ತದೆ. ಹಿನ್ನೆಲೆ ಗಾಯನಕ್ಕೆ ಒಗ್ಗಿಹೋಗಿರುವ ನಮಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ದನಿ ಒಬ್ಬರದು, ಮುಖ ಇನ್ನೊಬ್ಬರದು ಎಂಬ ಏರ್ಪಾಡನ್ನು ನಾವು ಒಪ್ಪಿಕೊಂಡು ಎಷ್ಟೋ ಕಾಲವಾಯಿತು.

ಈ ಏರ್ಪಾಡನ್ನು ಅದರ ಕೊನೆಯ ತುದಿಯವರೆಗೂ ಒಯ್ದ ಹಾಡೊಂದಿದೆ. ಅದರಲ್ಲಿ ತುಟಿಯಾಡಿಸುವವರು ಮನುಷ್ಯರೇ ಅಲ್ಲ. ಕೈಯಿಂದ ಬರೆದ ನಾಲ್ಕು ಚಿತ್ರಗಳು. ಹಾಡಿನ ಹೆಸರು ‘ಕ್ಲಿಂಟ್ ಈಸ್ಟ್‌ವುಡ್’. ಹಾಡಿದ ತಂಡದ ಹೆಸರು ‘ಗೊರಿಲ್ಲಾಜ್’. 2001ರ ಮಾರ್ಚ್ 5ರಂದು ಇಂಗ್ಲೆಂಡಿನಲ್ಲಿ ಬಿಡುಗಡೆಯಾದ ಹಿಪ್ ಹಾಪ್ ಸಿಂಗಲ್ ಇದು. ಇಡೀ ಆಲ್ಬಂ ಹೊರಬರುವ ಮೊದಲು ಅದರಿಂದ ಒಂದೇ ಹಾಡನ್ನು ಆರಿಸಿ, ಪ್ರತ್ಯೇಕವಾಗಿ ಮಾರಾಟಕ್ಕೆ ಬಿಡುವುದಕ್ಕೆ ಸಿಂಗಲ್ ಎನ್ನುತ್ತಾರೆ. ಅಂಗಡಿಯ ಬಾಗಿಲಲ್ಲಿ ಗಿರಾಕಿಯ ಕೈಗೆ ಕೊಡುವ ಮಾದರಿಯಿದ್ದಂತೆ. ಈ ಒಂದು ಹಾಡನ್ನೂ ಅದರ ಆನಿಮೇಷನ್ ಚಿತ್ರವನ್ನೂ ಹೇಗೆ ಕಟ್ಟಿದರು ಎಂಬುದನ್ನು ಈ ಹೊತ್ತು ಹಂತ ಹಂತವಾಗಿ ನೋಡೋಣ. ಮಾಡಿದವರ ಮುಖಗಳನ್ನೆಲ್ಲ ಮರೆಮಾಡಿದರೆ ಅವರ ಕೆಲಸ ಎದ್ದು ಕಾಣುತ್ತದೆಯೇ, ಇಲ್ಲವೇ ಕೆಲಸದೊಂದಿಗೆ ಅವರೂ ಮರೆಯಾಗುತ್ತಾರೆಯೇ ಎಂಬ ಪ್ರಶ್ನೆಯನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಂಡಿರಿ.

ಮೊದಲಿಗೆ ಹಿಪ್ ಹಾಪ್ ಎಂದರೇನು ಎಂಬುದನ್ನು ತಿಳಿಯಬೇಕು. 1973ರ ಆಗಸ್ಟ್ 11ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಭಾಗದಲ್ಲಿ, ಸೆಡ್ಜ್‌ವಿಕ್ ರಸ್ತೆಯ 1520ನೇ ಸಂಖ್ಯೆಯ ವಸತಿ ಕಟ್ಟಡದಲ್ಲಿ ಒಂದು ಸಣ್ಣ ಸಂತೋಷಕೂಟ ನಡೆಯಿತು. ಅದನ್ನು ಏರ್ಪಡಿಸಿದವಳು ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ. ಶಾಲೆ ಆರಂಭವಾಗುವ ಮುಂಚೆ ಹೊಸ ಬಟ್ಟೆಗೆ ಹಣ ಕೂಡಿಸುವುದು ಅವಳ ಉದ್ದೇಶ. ಅಂದು ಗ್ರಾಮಫೋನ್ ತಟ್ಟೆಗಳನ್ನು ನುಡಿಸಿದವನು ಅವಳ ಅಣ್ಣ ಕ್ಲೈವ್. ಅವನನ್ನು ಲೋಕ ಡಿಜೆ ಕೂಲ್ ಹರ್ಕ್ ಎಂದು ಬಲ್ಲದು. ಹಾಡಿನ ನಡುವೆ ಗಾಯನ ನಿಂತು ಬರೀ ತಾಳವಾದ್ಯ ಉಳಿಯುವ ತುಣುಕು ಬಂದಾಗ ಕುಣಿಯುವವರಿಗೆ ಹುಮ್ಮಸ್ಸು ಹೆಚ್ಚುವುದನ್ನು ಅವನು ಗಮನಿಸಿದ್ದ. ಆ ತುಣುಕು ಕೆಲವೇ ಸೆಕೆಂಡುಗಳದು. ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಯಂತ್ರಗಳ ಮೇಲೆ ಇಟ್ಟು, ಒಂದರಲ್ಲಿ ತುಣುಕು ಮುಗಿಯುತ್ತಲೇ ಇನ್ನೊಂದರಲ್ಲಿ ಅದನ್ನೇ ಆರಂಭಿಸಿ, ಅವನು ಆ ತಾಳವನ್ನು ಬೇಕಾದಷ್ಟು ಹೊತ್ತು ಹಿಗ್ಗಿಸಿದ. ಹೀಗೆ ಹಿಗ್ಗಿದ ತಾಳದ ಮೇಲೆ ಲಯಬದ್ಧವಾಗಿ, ಪ್ರಾಸವಿಟ್ಟು ಮಾತನಾಡುವ ಕಲೆಯೇ ರ‍್ಯಾಪ್ ಎಂದು ಬೆಳೆಯಿತು.

ಕೂಲ್ ಹರ್ಕ್ ಹುಟ್ಟಿದ್ದು ಜಮೈಕಾ ದ್ವೀಪದಲ್ಲಿ. ಅಲ್ಲಿ ದೊಡ್ಡ ದೊಡ್ಡ ಧ್ವನಿವರ್ಧಕಗಳನ್ನು ಬೀದಿಗೆ ತಂದು ಹಾಡು ನುಡಿಸುವ ಪದ್ಧತಿ ಮೊದಲಿನಿಂದಲೂ ಇತ್ತು. ಬಾಲ್ಯದಲ್ಲಿ ಕಂಡದ್ದನ್ನು ಅವನು ನ್ಯೂಯಾರ್ಕಿನಲ್ಲಿ ಹೊಸ ರೀತಿಯಲ್ಲಿ ಮಾಡಿದ. ಹಿಪ್ ಹಾಪ್ ಎಂದರೆ ದುಬಾರಿ ವಾದ್ಯಗಳಿಲ್ಲದ ಮಕ್ಕಳು ಕೈಗೆ ಸಿಕ್ಕಿದ ಸಿದ್ಧವಸ್ತುವಿನಿಂದಲೇ ಕಟ್ಟಿಕೊಂಡ ಕಲೆ. ಈ ಮಾತನ್ನು ನೆನಪಿಡಿ. ಮುಂದೆ ಬರುವ ಒಂದು ಗುಂಡಿಯ ಕಥೆಗೆ ಇದು ಬೇಕಾಗುತ್ತದೆ.

ಈಗ ಲಂಡನ್ನಿಗೆ ಬರೋಣ. 1990ರ ದಶಕದ ಕೊನೆಯ ವರ್ಷಗಳು. ಇಬ್ಬರು ಗೆಳೆಯರು ಒಂದೇ ಮನೆಯನ್ನು ಹಂಚಿಕೊಂಡು ವಾಸವಾಗಿದ್ದರು. ಒಬ್ಬರು ಡೇಮನ್ ಆಲ್ಬರ್ನ್, ‘ಬ್ಲರ್’ ಎಂಬ ಪ್ರಸಿದ್ಧ ರಾಕ್ ತಂಡದ ಗಾಯಕರು. ಇನ್ನೊಬ್ಬರು ಜೇಮಿ ಹ್ಯೂಲೆಟ್, ‘ಟ್ಯಾಂಕ್ ಗರ್ಲ್’ ಎಂಬ ಚಿತ್ರಕಥಾ ಮಾಲಿಕೆಯ ಕಲಾವಿದರು. ಇಬ್ಬರೂ ಸಂಜೆ ಕುಳಿತು ಎಂಟಿವಿ ವಾಹಿನಿಯನ್ನು ನೋಡುತ್ತಿದ್ದರು. ಅದರಲ್ಲಿ ಒಂದಾದ ಮೇಲೊಂದು ಸುಂದರ ಮುಖಗಳು ಬರುತ್ತಿದ್ದವು. ಹಾಡಿನಲ್ಲಿ ಹುರುಳು ಮಾತ್ರ ಕಾಣುತ್ತಿರಲಿಲ್ಲ. ಕಂಪನಿಗಳು ಮೊದಲು ಮುಖಗಳನ್ನು ಆರಿಸಿ, ಆಮೇಲೆ ಆ ಮುಖಗಳಿಗೆ ಹಾಡು ಹೊಂದಿಸುತ್ತಿವೆ ಎಂಬುದು ಇವರ ದೂರು. ಹಾಗಾದರೆ ಮುಖಗಳನ್ನು ನಾವೇ ಬರೆದುಬಿಡೋಣ ಎಂದು ಇಬ್ಬರೂ ನಿಶ್ಚಯಿಸಿದರು. ಹಾಸ್ಯವಾಗಿ ಹುಟ್ಟಿದ ಈ ಆಲೋಚನೆಯ ಹಿಂದೆ ಒಂದು ಗಂಭೀರವಾದ ಪರೀಕ್ಷೆಯೂ ಇತ್ತು. ಹಾಡುವವನ ಖ್ಯಾತಿ, ರೂಪ, ಉಡುಪು ಯಾವುದೂ ಇಲ್ಲದೆ ಹಾಡು ತನ್ನ ಕಾಲ ಮೇಲೆ ನಿಲ್ಲಬಲ್ಲುದೇ?

ಹ್ಯೂಲೆಟ್ ನಾಲ್ಕು ಪಾತ್ರಗಳನ್ನು ಬರೆದರು. ನೀಲಿ ಕೂದಲಿನ, ಸದಾ ಅರೆನಿದ್ದೆಯಲ್ಲಿರುವಂತೆ ಕಾಣುವ ಗಾಯಕ ಟೂ-ಡಿ. ಕಿಡಿಗೇಡಿತನದ ಬೇಸ್ ಗಿಟಾರ್ ವಾದಕ ಮರ್ಡಾಕ್. ಜಪಾನಿನ ಪುಟ್ಟ ಹುಡುಗಿ, ಗಿಟಾರ್ ವಾದಕಿ ನೂಡಲ್. ಅಮೆರಿಕದ ದೈತ್ಯದೇಹಿ ಡ್ರಮ್ ವಾದಕ ರಸೆಲ್. ಇವರು ಕೇವಲ ರೂಪಗಳಲ್ಲ. ಪ್ರತಿಯೊಬ್ಬರಿಗೂ ಊರು, ಹಿನ್ನೆಲೆ, ಸ್ವಭಾವ, ಜಗಳಗಳನ್ನು ಕೊಡಲಾಯಿತು. ಉದಾಹರಣೆಗೆ, ರಸೆಲ್‌ನ ಗೆಳೆಯರು ಗುಂಡೇಟಿಗೆ ಬಲಿಯಾದವರು. ಅವರ ಆತ್ಮಗಳು ರಸೆಲ್‌ನನ್ನು ಆವರಿಸಿಕೊಂಡಿವೆ ಎಂಬುದು ಕಥೆ. ಈ ಕಲ್ಪನೆ ಮುಂದೆ ಹಾಡಿಗೆ ದೊಡ್ಡ ಉಪಕಾರ ಮಾಡಿತು.

ಇನ್ನು ಹಾಡಿನ ಮಾತು. ಆಲ್ಬಂನ ಧ್ವನಿಮುದ್ರಣ ಲಂಡನ್ನಿನಲ್ಲೂ ಜಮೈಕಾದ ಗೀಜ್ಯಾಮ್ ಸ್ಟುಡಿಯೋದಲ್ಲೂ ನಡೆಯಿತು. ಹಿಪ್ ಹಾಪ್‌ನ ತವರು ಕಡಲನ್ನು ದಾಟಿ ಹಾಡೇ ಹೋಗಿ ಬಂದಂತಾಯಿತು. ಧ್ವನಿ ಸಂಯೋಜನೆಯ ಹೊಣೆ ಹೊತ್ತವರಲ್ಲಿ ಮುಖ್ಯರು ಸ್ಯಾನ್ ಫ್ರಾನ್ಸಿಸ್ಕೋದ ಡ್ಯಾನ್ ನಾಕಾಮುರಾ. ಇವರ ವೃತ್ತಿನಾಮ ‘ಡ್ಯಾನ್ ದ ಆಟೊಮೇಟರ್’. ಅವರ ಜೊತೆಗೆ ಟಾಮ್ ಗರ್ಲಿಂಗ್ ಮತ್ತು ಜೇಸನ್ ಕಾಕ್ಸ್ ಎಂಬ ತಂತ್ರಜ್ಞರು ದುಡಿದರು.

‘ಕ್ಲಿಂಟ್ ಈಸ್ಟ್‌ವುಡ್’ ಹಾಡನ್ನು ಕೇಳಿದವರಿಗೆ ಮೊದಲು ಮನಸ್ಸಿಗೆ ಹತ್ತುವುದು ಅದರ ನಡೆ. ತೂಗಾಡುತ್ತ, ಅವಸರವಿಲ್ಲದೆ, ನಿಮಿಷಕ್ಕೆ ಸುಮಾರು 84 ಪೆಟ್ಟುಗಳಂತೆ ಅದು ಸಾಗುತ್ತದೆ. ಈ ನಡೆಯನ್ನು ಕಟ್ಟಿದವರು ಯಾರೆಂದು ಅನೇಕರು ಕುತೂಹಲಪಟ್ಟಿದ್ದರು. 2023ರಲ್ಲಿ ಒಂದು ಸಂದರ್ಶನದಲ್ಲಿ ಆಲ್ಬರ್ನ್ ಗುಟ್ಟನ್ನು ಹೊರಗೆಡಹಿದರು. ಆಮ್ನಿಕಾರ್ಡ್ ಎಂಬ ಪುಟ್ಟ ವಿದ್ಯುನ್ಮಾನ ವಾದ್ಯವನ್ನು ಕೈಗೆತ್ತಿಕೊಂಡು, ‘ರಾಕ್ 1’ ಎಂಬ ಸಿದ್ಧತಾಳವನ್ನು ಆರಿಸಿ ಗುಂಡಿಯನ್ನು ಒತ್ತಿದರು. ಅಷ್ಟೇ, ಹಾಡಿನ ಬೆನ್ನೆಲುಬು ಅಲ್ಲೇ ಕೇಳಿಸಿತು.

ಆಮ್ನಿಕಾರ್ಡ್ ಅನ್ನು ತಯಾರಿಸಿದ್ದು ಜಪಾನಿನ ಸುಜುಕಿ ವಾದ್ಯ ಕಂಪನಿ. ಮೋಟಾರು ವಾಹನ ತಯಾರಿಸುವ ಸುಜುಕಿ ಬೇರೆ, ಇದು ಬೇರೆ. 1981ರಲ್ಲಿ ಹೊರಬಂದ ಈ ವಾದ್ಯ ಸಂಗೀತ ಕಲಿಯದವರಿಗಾಗಿಯೇ ರೂಪಿಸಿದ್ದು. ಒಂದು ಕೈಯಲ್ಲಿ ಸ್ವರಮೇಳದ ಗುಂಡಿಯನ್ನು ಒತ್ತಿ, ಇನ್ನೊಂದು ಕೈಯ ಬೆರಳನ್ನು ಒಂದು ಪಟ್ಟಿಯ ಮೇಲೆ ಎಳೆದರೆ ವೀಣೆಯ ತಂತಿಗಳನ್ನು ಸವರಿದಂತೆ ನಾದ ಹೊಮ್ಮುತ್ತದೆ. ತಾಳವೂ ಒಳಗೇ ಸಿದ್ಧವಾಗಿರುತ್ತದೆ. ನಮ್ಮ ಸಂಗೀತ ಪಾಠಗಳಲ್ಲಿ ಬಳಸುವ ವಿದ್ಯುನ್ಮಾನ ಶ್ರುತಿಪೆಟ್ಟಿಗೆ, ತಾಳಪೆಟ್ಟಿಗೆಗಳ ದೂರದ ಬಂಧು ಎನ್ನಬಹುದು.

ಈ ಸುದ್ದಿ ಕೇಳಿ ಕೆಲವರಿಗೆ ನಿರಾಶೆಯಾಯಿತಂತೆ. ‘ಇಷ್ಟೇನಾ? ಗುಂಡಿ ಒತ್ತಿದರೆ ಬರುವ ತಾಳವೇ?’ ಎಂದವರುಂಟು. ನಿಮಗೂ ಹಾಗೆ ಅನ್ನಿಸಿದ್ದರೆ ಸ್ವಲ್ಪ ಯೋಚಿಸಿ. ಅಂಥ ವಾದ್ಯವನ್ನು ಕೊಂಡ ಪ್ರತಿಯೊಬ್ಬರ ಮನೆಯಲ್ಲೂ ಅದೇ ಗುಂಡಿ ಇತ್ತು, ಅದೇ ತಾಳವಿತ್ತು. ವರ್ಷಗಟ್ಟಲೆ ಇತ್ತು. ಅದರಿಂದ ಈ ಹಾಡು ಹುಟ್ಟಲಿಲ್ಲ. ಆಟಿಕೆಯಂಥ ಆ ತಾಳದೊಳಗೆ ಒಂದು ಒಂಟಿ ಹಾದಿಯ ಬೇಸರವಿದೆ ಎಂದು ಕೇಳಿಸಿಕೊಂಡ ಕಿವಿ ಬೇಕಾಗಿತ್ತು. ಅದರ ಮೇಲೆ ಅರೆನಿದ್ದೆಯ ದನಿಯ ಪಲ್ಲವಿಯೊಂದನ್ನು ಆಲ್ಬರ್ನ್ ಕೂರಿಸಿದರು. ಬಾಯಿಂದ ಊದುತ್ತ ಕೀಲಿಮಣೆಯನ್ನು ನುಡಿಸುವ ಮೆಲೋಡಿಕಾ ಎಂಬ ಅಗ್ಗದ ವಾದ್ಯವನ್ನು ಸೇರಿಸಿದರು. ಇದನ್ನು ಶಾಲಾಮಕ್ಕಳ ವಾದ್ಯವೆಂದೇ ಹಲವರು ಬಗೆದಿದ್ದರು. 1970ರ ದಶಕದಲ್ಲಿ ಜಮೈಕಾದ ಅಗಸ್ಟಸ್ ಪಾಬ್ಲೋ ಅದಕ್ಕೆ ದೊಡ್ಡ ಗೌರವ ತಂದುಕೊಟ್ಟಿದ್ದರು. ಆ ಮೆಲೋಡಿಕಾದ ಧಾಟಿ, 1966ರ ‘ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ’ ಚಲನಚಿತ್ರಕ್ಕೆ ಎನ್ನಿಯೊ ಮೊರಿಕೋನೆ ಕೊಟ್ಟ ಸಂಗೀತವನ್ನು ನೆನಪಿಸುತ್ತದೆ. ಆ ಚಿತ್ರದ ನಾಯಕನಟರ ಹೆಸರೇ ಹಾಡಿಗೂ ಬಂದಿತು.

ಪಲ್ಲವಿ ಸಿದ್ಧವಾಯಿತು. ಚರಣಗಳು ರ‍್ಯಾಪ್ ಆಗಬೇಕಾಗಿತ್ತು. ಇಲ್ಲಿ ಕೆಲಸದ ಲೋಕದ ಒಂದು ಕಠಿಣ ಸತ್ಯ ಎದುರಾಗುತ್ತದೆ. ‘ಫೈ ಲೈಫ್ ಸೈಫರ್’ ಎಂಬ ಇಂಗ್ಲೆಂಡಿನ ರ‍್ಯಾಪ್ ತಂಡ ಚರಣಗಳನ್ನು ಬರೆದು, ಹಾಡಿ, ಮುದ್ರಣವೂ ಮುಗಿದಿತ್ತು. ಆದರೆ ಡ್ಯಾನ್ ನಾಕಾಮುರಾ ಅವರಿಗೆ ಇನ್ನೊಂದು ದನಿಯನ್ನು ಪರೀಕ್ಷಿಸಿ ನೋಡಬೇಕೆನಿಸಿತು. ಆಗಷ್ಟೇ ಅವರು ‘ಡೆಲ್ಟ್ರಾನ್ 3030’ ಎಂಬ ಆಲ್ಬಂನಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಊರಿನ ರ‍್ಯಾಪ್ ಕವಿ ಡೆಲ್ ಅವರೊಂದಿಗೆ ದುಡಿದಿದ್ದರು. ಡೆಲ್ ಅವರ ಪೂರ್ಣ ವೃತ್ತಿನಾಮ ‘ಡೆಲ್ ದ ಫಂಕಿ ಹೋಮೊಸೇಪಿಯನ್’; 1991ರಿಂದಲೂ ಅವರ ಧ್ವನಿಮುದ್ರಿಕೆಗಳು ಹೊರಬರುತ್ತಿದ್ದವು. ಇನ್ನೂ ಸ್ವಲ್ಪ ಹೊತ್ತು ಸ್ಟುಡಿಯೋದಲ್ಲೇ ಇದ್ದು ಇದೊಂದು ಹಾಡಿಗೂ ಚರಣ ಬರೆದುಕೊಡಿ ಎಂದು ನಾಕಾಮುರಾ ಕೇಳಿದರು.

ಡೆಲ್ ಬರೆದರು. ಜನಪ್ರಿಯ ಗೀತೆಗಳನ್ನು ಬರೆಯುವುದು ಹೇಗೆ ಎಂಬ ಒಂದು ಕೈಪಿಡಿಯನ್ನು ತಾವು ಆಗ ಓದಿ, ಅದರ ಸೂಚನೆಗಳನ್ನು ಅನುಸರಿಸಿಯೇ ಈ ಚರಣಗಳನ್ನು ಬರೆದೆನೆಂದು ಅವರು ಆಮೇಲೆ ನಿಸ್ಸಂಕೋಚವಾಗಿ ಹೇಳಿಕೊಂಡಿದ್ದಾರೆ. ಹತ್ತು ವರ್ಷ ಪಳಗಿದ ಕಲಾವಿದರೊಬ್ಬರು ಪ್ರಾರಂಭಿಕರ ಪುಸ್ತಕವನ್ನು ತೆರೆದು ಕುಳಿತರೆಂಬುದು ವಿದ್ಯಾರ್ಥಿಗಳಾದ ನೀವು ಗಮನಿಸಬೇಕಾದ ಸಂಗತಿ. ಅವರಿಗೆ ದೊರೆತ ಪಾತ್ರವೂ ವಿಶೇಷವಾದದ್ದು. ರಸೆಲ್‌ನ ಮೈಯೊಳಗಿರುವ ಆತ್ಮದ ಬಾಯಿಂದ ಅವರು ಮಾತನಾಡಬೇಕಿತ್ತು. ತಾನು ಕಣ್ಣಿಗೆ ಕಾಣದವನು, ಆದರೂ ತಾಳದ ಹಿಂದಿನ ಶಕ್ತಿ ತಾನೇ ಎಂಬ ಭಾವವನ್ನು ಅವರು ಚರಣಗಳಿಗೆ ತುಂಬಿದರು. ಚಿತ್ರದ ಮುಖಗಳ ಹಿಂದೆ ನಿಂತು ಹಾಡುವ ಮನುಷ್ಯನೇ ತನ್ನ ಸ್ಥಿತಿಯನ್ನು ಹೇಳಿಕೊಂಡಂತೆ ಅದು ಕೇಳಿಸುತ್ತದೆ.

ಹೊಸ ಚರಣಗಳೇ ಸಿಂಗಲ್‌ನಲ್ಲಿ ಉಳಿದವು. ಮೊದಲಿನ ಚರಣಗಳ ಗತಿಯೇನಾಯಿತು? ಅವುಗಳನ್ನು ಎಸೆಯಲಿಲ್ಲ. ಫೈ ಲೈಫ್ ಸೈಫರ್ ಅವರ ಆವೃತ್ತಿಯನ್ನು ಅವರ ಹೆಸರಿನಲ್ಲಿಯೇ ‘ಜಿ-ಸೈಡ್ಸ್’ ಎಂಬ ಸಂಕಲನದಲ್ಲಿ ಪ್ರಕಟಿಸಲಾಯಿತು. ಎಡ್ ಕೇಸ್ ಎಂಬ ಸಂಯೋಜಕರು ಇದೇ ಹಾಡನ್ನು ಚುರುಕಾದ ನಡೆಯಲ್ಲಿ ಮರುರೂಪಿಸಿದರು. ಅದರಲ್ಲಿ ಸ್ವೀಟೀ ಐರೀ ಅವರ ದನಿಯಿದೆ. ಒಂದೇ ಪಲ್ಲವಿಗೆ ಮೂರು ಬಗೆಯ ಚರಣಗಳು. ಆಯ್ಕೆಯಾಗದ ಕೆಲಸವೆಲ್ಲ ಕೆಟ್ಟ ಕೆಲಸವಲ್ಲ. ಒಂದು ಕಡೆ ಹೊಂದದೆ ಹೋದದ್ದು ಇನ್ನೊಂದು ಕಡೆ ಹೊಂದಬಹುದು.

ಈಗ ಚಿತ್ರದ ಕಡೆಗೆ ತಿರುಗೋಣ. ಈ ಹಾಡಿನ ಆನಿಮೇಷನ್ ಚಿತ್ರವನ್ನು ನಿರ್ದೇಶಿಸಿದವರು ಜೇಮಿ ಹ್ಯೂಲೆಟ್ ಮತ್ತು ಪೀಟ್ ಕ್ಯಾಂಡ್‌ಲ್ಯಾಂಡ್. ತಯಾರಿಸಿದ್ದು ಲಂಡನ್ನಿನ ‘ಪ್ಯಾಶನ್ ಪಿಕ್ಚರ್ಸ್’ ಸಂಸ್ಥೆ. ಸಾಮಾನ್ಯ ಚಲನಚಿತ್ರದಲ್ಲಿ ಕ್ಯಾಮೆರಾ ಓಡಿದರೆ ನಟರ ಚಲನೆ ತಾನಾಗಿಯೇ ದಾಖಲಾಗುತ್ತದೆ. ಆನಿಮೇಷನ್‌ನಲ್ಲಿ ತಾನಾಗಿಯೇ ಆಗುವುದು ಯಾವುದೂ ಇಲ್ಲ. ಕಣ್ಣೆವೆ ಮಿಟುಕಬೇಕಾದರೂ ಯಾರಾದರೊಬ್ಬರು ಕುಳಿತು ಬರೆಯಬೇಕು.

ಸ್ವಲ್ಪ ಲೆಕ್ಕ ಹಾಕೋಣ; ಬೇಕಾದರೆ ಕಾಗದ, ಪೆನ್ಸಿಲು ಹಿಡಿಯಿರಿ. ಬ್ರಿಟನ್ನಿನ ದೂರದರ್ಶನ ಪದ್ಧತಿಯಲ್ಲಿ, ನಮ್ಮಲ್ಲಿಯೂ ಹಾಗೆಯೇ, ಸೆಕೆಂಡಿಗೆ 25 ಚೌಕಟ್ಟುಗಳು ತೆರೆಯ ಮೇಲೆ ಬಂದು ಹೋಗುತ್ತವೆ. ನಾಲ್ಕು ನಿಮಿಷದ ಹಾಡೆಂದರೆ 240 ಸೆಕೆಂಡು. ಅಂದರೆ 6,000 ಚೌಕಟ್ಟು. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ನಿಲ್ಲಿಸಿದರೂ ಕಣ್ಣು ಅದನ್ನು ಚಲನೆಯೆಂದೇ ಒಪ್ಪುತ್ತದೆ. ಹಾಗೆ ಮಾಡಿದರೆ 3,000 ಚಿತ್ರಗಳು ಸಾಕು. ಇದು ಒಂದು ಪಾತ್ರಕ್ಕೆ. ತೆರೆಯ ಮೇಲೆ ನಾಲ್ವರು ಒಟ್ಟಿಗೆ ಕಾಣಿಸಿಕೊಂಡಾಗಲೆಲ್ಲ ಅಷ್ಟಷ್ಟು ಸೆಕೆಂಡುಗಳ ಕೆಲಸ ನಾಲ್ಕರಷ್ಟಾಗುತ್ತದೆ.

ಇಂಥ ಚಿತ್ರಗಳಲ್ಲಿ ಕೆಲಸದ ಕ್ರಮ ಹೀಗಿರುತ್ತದೆ. ಮೊದಲು ಹಾಡು ಅಂತಿಮಗೊಳ್ಳಬೇಕು. ಆಮೇಲೆ ಹಾಡನ್ನು ಚೌಕಟ್ಟು ಚೌಕಟ್ಟಾಗಿ ಆಲಿಸಿ, ಯಾವ ಅಕ್ಷರ ಎಲ್ಲಿ ಬೀಳುತ್ತದೆ, ಯಾವ ಪೆಟ್ಟು ಎಲ್ಲಿ ಬೀಳುತ್ತದೆ ಎಂಬುದನ್ನು ಒಂದು ಉದ್ದನೆಯ ಲೆಕ್ಕದ ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಕಥೆಯನ್ನು ಸಣ್ಣ ಸಣ್ಣ ಪೆಟ್ಟಿಗೆಗಳಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ. ಹಿರಿಯ ಕಲಾವಿದರು ಚಲನೆಯ ಮುಖ್ಯ ಭಂಗಿಗಳನ್ನು ಮಾತ್ರ ಬರೆಯುತ್ತಾರೆ. ಎರಡು ಭಂಗಿಗಳ ನಡುವೆ ಬರಬೇಕಾದ ಚಿತ್ರಗಳನ್ನು ಕಿರಿಯ ಕಲಾವಿದರು ತುಂಬುತ್ತಾರೆ. ಇನ್ನೊಬ್ಬರು ಗೆರೆಗಳನ್ನು ಶುದ್ಧಗೊಳಿಸುತ್ತಾರೆ, ಮತ್ತೊಬ್ಬರು ಬಣ್ಣ ಕೊಡುತ್ತಾರೆ, ಬೇರೊಬ್ಬರು ಹಿನ್ನೆಲೆಯನ್ನೂ ಪಾತ್ರಗಳನ್ನೂ ಕಂಪ್ಯೂಟರಿನಲ್ಲಿ ಒಂದುಗೂಡಿಸುತ್ತಾರೆ.

ಹಾಡಿಗೂ ಚಿತ್ರಕ್ಕೂ ಗಂಟು ಬೀಳುವುದು ಲೆಕ್ಕದ ಹಾಳೆಯಲ್ಲಿ. ನಿಮಿಷಕ್ಕೆ 84 ಪೆಟ್ಟು ಎಂದುಕೊಂಡರೆ ಒಂದು ಪೆಟ್ಟಿನ ಅವಧಿ 60ನ್ನು 84ರಿಂದ ಭಾಗಿಸಿದಷ್ಟು, ಅಂದರೆ 0.714 ಸೆಕೆಂಡು. ಅದನ್ನು 25ರಿಂದ ಗುಣಿಸಿದರೆ 17.86 ಚೌಕಟ್ಟು. ಕಲಾವಿದ ಸುಲಭವಾಗಲಿ ಎಂದು ಪ್ರತಿ ಪೆಟ್ಟಿಗೂ 18 ಚೌಕಟ್ಟು ಇಟ್ಟುಕೊಂಡನೆನ್ನಿ. ಮೊದಲ ಕೆಲವು ಪೆಟ್ಟುಗಳಲ್ಲಿ ಯಾರಿಗೂ ತಿಳಿಯದು. ನೂರನೆಯ ಪೆಟ್ಟಿನ ಹೊತ್ತಿಗೆ ಚಿತ್ರ ಹಾಡಿಗಿಂತ 14 ಚೌಕಟ್ಟು ಹಿಂದೆ ಬಿದ್ದಿರುತ್ತದೆ. ಅರ್ಧ ಸೆಕೆಂಡಿಗೂ ಹೆಚ್ಚು! ಡ್ರಮ್ ಬಾರಿಸಿದ ಸದ್ದು ಕೇಳಿದ ಮೇಲೆ ರಸೆಲ್‌ನ ಕೈ ಕೆಳಗಿಳಿದರೆ ನೋಡುವವರಿಗೆ ನಗು ಬರುತ್ತದೆ. ಆದ್ದರಿಂದ ಸರಾಸರಿಯನ್ನು ನಂಬದೆ, ಪ್ರತಿಯೊಂದು ಪೆಟ್ಟನ್ನೂ ಮುದ್ರಿತ ಹಾಡಿನಿಂದಲೇ ಅಳೆದುಕೊಳ್ಳಬೇಕು. ನಿಮ್ಮ ಗಣಿತದ ಮೇಷ್ಟರು ದಶಮಾಂಶದ ವಿಷಯದಲ್ಲಿ ಅಷ್ಟು ಹಟ ಹಿಡಿಯುವುದೇಕೆ ಎಂಬುದಕ್ಕೆ ಇದೂ ಒಂದು ಉತ್ತರ.

ಇನ್ನು ತುಟಿಗಳ ಮಾತು. ಕನ್ನಡಿಯ ಮುಂದೆ ನಿಂತು ‘ಪ, ಬ, ಮ’ ಎಂದು ಹೇಳಿ ನೋಡಿ. ತುಟಿಗಳು ಮುಚ್ಚಿ ತೆರೆಯುತ್ತವೆ. ‘ಕ, ಗ’ ಎಂದಾಗ ತುಟಿ ಸುಮ್ಮನಿರುತ್ತದೆ, ಕೆಲಸ ಗಂಟಲಿನ ಬಳಿ ನಡೆಯುತ್ತದೆ. ‘ಊ, ಓ’ ಎಂದಾಗ ತುಟಿ ದುಂಡಗಾಗುತ್ತದೆ. ನಮ್ಮ ವರ್ಣಮಾಲೆ ಉಚ್ಚಾರಣೆಯ ಸ್ಥಾನಕ್ಕೆ ಅನುಸಾರವಾಗಿ ಜೋಡಣೆಯಾಗಿರುವುದರಿಂದ ಕನ್ನಡದ ವಿದ್ಯಾರ್ಥಿಗೆ ಇದು ಬೇಗ ಅರ್ಥವಾಗುತ್ತದೆ. ಆನಿಮೇಷನ್ ಕಲಾವಿದರು ಹೀಗೆಯೇ ಬಾಯಿಯ ಕೆಲವೇ ಆಕಾರಗಳನ್ನು ಗೊತ್ತುಮಾಡಿಕೊಂಡು, ಅವನ್ನೇ ಮತ್ತೆ ಮತ್ತೆ ಬಳಸುತ್ತಾರೆ. ಟೂ-ಡಿಯ ಪಲ್ಲವಿ ನಿಧಾನವಾದದ್ದು. ಅದಕ್ಕೆ ಬಾಯಿ ಬರೆಯುವುದು ಕಷ್ಟವಲ್ಲ. ರ‍್ಯಾಪ್ ಹಾಗಲ್ಲ. ಒಂದು ಪೆಟ್ಟಿನೊಳಗೆ ನಾಲ್ಕು ಅಕ್ಷರ ಬಂದರೆ ಒಂದೊಂದಕ್ಕೂ ಸಿಗುವುದು ನಾಲ್ಕೋ ಐದೋ ಚೌಕಟ್ಟು, ಅಂದರೆ ಎರಡೇ ಚಿತ್ರ. ಪ್ರತಿ ಅಕ್ಷರವನ್ನೂ ಬರೆಯಹೊರಟರೆ ಬಾಯಿ ಪಟಪಟನೆ ಬಡಿದು ಕಣ್ಣಿಗೆ ಕಿರಿಕಿರಿಯಾಗುತ್ತದೆ. ಒತ್ತು ಬೀಳುವ ಅಕ್ಷರಗಳನ್ನು ಮಾತ್ರ ಸ್ಪಷ್ಟವಾಗಿ ತೋರಿಸಿ, ಉಳಿದವನ್ನು ತೇಲಿಸಿಬಿಡಬೇಕು. ಯಾವುದನ್ನು ಬಿಡಬೇಕೆಂದು ತಿಳಿಯುವುದಕ್ಕೆ ಚಿತ್ರಕಾರನಿಗೂ ಲಯಜ್ಞಾನ ಬೇಕು.

ಚಿತ್ರದ ಕಥೆ ಸರಳವಾದದ್ದು. ಬಿಳಿಯ ಬಯಲಿನಂಥ ಜಾಗದಲ್ಲಿ ನಾಲ್ವರೂ ನಿಂತು ನುಡಿಸುತ್ತಿರುತ್ತಾರೆ. ಹಿನ್ನೆಲೆಯಲ್ಲಿ ಏನೂ ಇಲ್ಲ. ಹೊಸ ಪಾತ್ರಗಳನ್ನು ಲೋಕಕ್ಕೆ ಪರಿಚಯಿಸುವಾಗ ನೋಟ ಬೇರೆಡೆಗೆ ಹರಿಯದಿರಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಚರಣ ಆರಂಭವಾಗುತ್ತಲೇ ರಸೆಲ್‌ನ ತಲೆಯಿಂದ ನೀಲಿ ಬಣ್ಣದ ಆತ್ಮವೊಂದು ಮೇಲೇಳುತ್ತದೆ. ಅದೇ ಡೆಲ್. ಆಮೇಲೆ ಸಮಾಧಿಗಳು ಕಾಣಿಸಿಕೊಳ್ಳುತ್ತವೆ. ನೆಲದಿಂದ ಗೊರಿಲ್ಲಾಗಳ ಪ್ರೇತಗಳು ಎದ್ದು ಬರುತ್ತವೆ. ಹೆದರಿಸುವ ಬದಲು, ಮೈಕಲ್ ಜಾಕ್ಸನ್‌ರ 1983ರ ‘ಥ್ರಿಲ್ಲರ್’ ಚಿತ್ರವನ್ನು ನೆನಪಿಸುವಂತೆ ಕುಣಿಯತೊಡಗುತ್ತವೆ. ಪುಟ್ಟ ನೂಡಲ್ ಹಾರಿ ಒದೆಯುತ್ತಾಳೆ. ನೋಡಿ ನಗಬಹುದು, ತುಸು ಬೆಚ್ಚಲೂಬಹುದು.

ಸಿಂಗಲ್ ಬ್ರಿಟನ್ನಿನ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿತು. ಮೂರು ವಾರಗಳ ತರುವಾಯ, ಮಾರ್ಚ್ 26ರಂದು ಆಲ್ಬಂ ಹೊರಬಂದಿತು. 2002ರಲ್ಲಿ ಈ ಹಾಡು ಅಮೆರಿಕದ ಗ್ರ್ಯಾಮಿ ಪ್ರಶಸ್ತಿಗಾಗಿ ರ‍್ಯಾಪ್ ವಿಭಾಗದಲ್ಲಿ ನಾಮಕರಣಗೊಂಡಿತು. ಪ್ರಶಸ್ತಿ ಔಟ್‌ಕ್ಯಾಸ್ಟ್ ತಂಡದ ಪಾಲಾಯಿತು. ಮುಂದೆ ಗೊರಿಲ್ಲಾಜ್ ಅತ್ಯಂತ ಯಶಸ್ವಿ ಕಾಲ್ಪನಿಕ ತಂಡವೆಂದು ಗಿನ್ನೆಸ್ ದಾಖಲೆಗೂ ಸೇರಿತು. ಮುಖವಿಲ್ಲದ ಹಾಡು ನಿಲ್ಲಬಲ್ಲುದೇ ಎಂಬ ಪರೀಕ್ಷೆಗೆ ಉತ್ತರ ದೊರೆತಿತ್ತು.

ಆದರೆ ನಾವು ಆರಂಭದಲ್ಲಿ ಇಟ್ಟುಕೊಂಡ ಪ್ರಶ್ನೆಯ ಇನ್ನೊಂದು ಅರ್ಧ ಹಾಗೆಯೇ ಉಳಿದಿದೆ. 2001ರ ಮಾರ್ಚ್‌ನಲ್ಲಿ ಲಂಡನ್ನಿನ ಸ್ಕಾಲಾ ರಂಗಮಂದಿರದಲ್ಲಿ ತಂಡದ ಪ್ರದರ್ಶನ ನಡೆಯಿತು. ಜನ ನೋಡಿದ್ದು ದೊಡ್ಡದೊಂದು ತೆರೆಯನ್ನು. ತೆರೆಯ ಮೇಲೆ ಚಿತ್ರಗಳು. ನುಡಿಸುವವರೆಲ್ಲ ತೆರೆಯ ಹಿಂದೆ ನೆರಳುಗಳಾಗಿ ನಿಂತಿದ್ದರು. ಈ ದೃಶ್ಯ ನಮಗೆ ಅಪರಿಚಿತವಲ್ಲ. ನಮ್ಮ ತೊಗಲುಗೊಂಬೆಯಾಟದಲ್ಲಿಯೂ ಬಿಳಿಯ ಪರದೆ, ಹಿಂದೆ ದೀಪ. ಮುಂದೆ ರಾಮ, ರಾವಣ, ಹನುಮಂತ ಕಾಣುತ್ತಾರೆ. ಆಡಿಸುವವನೂ ಹಾಡುವವಳೂ ಕಾಣುವುದಿಲ್ಲ. ಆದರೆ ಊರಿನವರಿಗೆ ಆ ಮೇಳ ಯಾರದೆಂದು ಗೊತ್ತಿರುತ್ತದೆ. ಆಟ ಮುಗಿದ ಮೇಲೆ ಪರದೆಯ ಹಿಂದೆ ಹೋಗಿ ಅವರನ್ನು ಕಂಡು ಬರುತ್ತಾರೆ. ಗೊರಿಲ್ಲಾಜ್ ವಿಷಯದಲ್ಲಿ ಕೋಟಿಗಟ್ಟಲೆ ಜನಕ್ಕೆ ಹಾಗೆ ಪರದೆಯ ಹಿಂದೆ ಹೋಗಿ ಬರುವ ದಾರಿ ಇರಲಿಲ್ಲ. ಟೂ-ಡಿಯ ನೀಲಿ ಕೂದಲನ್ನು ಗುರುತಿಸುವ ಎಷ್ಟೋ ಮಂದಿಗೆ, ಚರಣಗಳನ್ನು ಬರೆದು ಹಾಡಿದ ಡೆಲ್ ಯಾರೆಂದು ತಿಳಿಯದು. ಎರಡು ಭಂಗಿಗಳ ನಡುವಿನ ಚಿತ್ರಗಳನ್ನು ತುಂಬಿದವರ ಹೆಸರು ತಿಳಿದವರು ಇನ್ನೂ ಕಡಮೆ.

ಕಾಲಕ್ರಮದಲ್ಲಿ ತಂಡವೇ ತನ್ನ ರೀತಿಯನ್ನು ಬದಲಿಸಿಕೊಂಡಿತು. 2010ರ ಪ್ರವಾಸದ ಹೊತ್ತಿಗೆ ಚಿತ್ರಗಳು ಹಿಂದಿನ ತೆರೆಗೆ ಸರಿದವು. ನುಡಿಸುವವರೂ ಹಾಡುವವರೂ ಬೆಳಕಿಗೆ ಬಂದು ಪ್ರೇಕ್ಷಕರ ಮುಂದೆ ನಿಂತರು. ಮುಖಗಳ ವ್ಯಾಪಾರವನ್ನು ಅಣಕಿಸಲು ಚಿತ್ರಗಳು ಬೇಕಾಗಿದ್ದವು. ಆ ಕೆಲಸವಾದ ಮೇಲೆ ದುಡಿದವರನ್ನು ಜನ ಕಾಣುವುದೇ ನ್ಯಾಯ ಎನ್ನಬೇಕು.

ಮಿತ್ರರೇ, ಇದನ್ನೆಲ್ಲ ನಿಮಗೆ ಹೇಳುವುದಕ್ಕೆ ಕಾರಣವಿದೆ. ಇಂದು ನಾಲ್ಕು ಪದ ಬರೆದುಕೊಟ್ಟರೆ ಹಾಡನ್ನೂ ಚಿತ್ರವನ್ನೂ ಒಟ್ಟಿಗೆ ತಯಾರಿಸಿ ಕೊಡುವ ತಂತ್ರಾಂಶಗಳು ಬಂದಿವೆ. ನಿಮ್ಮಲ್ಲಿ ಕೆಲವರು ಆಗಲೇ ಬಳಸಿಯೂ ಇರಬಹುದು. ಅವು ಆಮ್ನಿಕಾರ್ಡಿನ ಗುಂಡಿಗಿಂತ ಎಷ್ಟೋ ದೊಡ್ಡ ಗುಂಡಿಗಳು. ಗುಂಡಿ ಒತ್ತುವುದು ತಪ್ಪಲ್ಲ. ಕೂಲ್ ಹರ್ಕ್ ಕೂಡ ಬೇರೆಯವರು ಮಾಡಿದ ತಟ್ಟೆಗಳಿಂದಲೇ ಆರಂಭಿಸಿದ. ಗುಂಡಿ ಒತ್ತಿದ ಮೇಲೆ ನೀವು ಏನು ಕೇಳಿಸಿಕೊಂಡಿರಿ, ಏನನ್ನು ಸೇರಿಸಿದಿರಿ, ಯಾವುದನ್ನು ತೆಗೆದುಹಾಕಿದಿರಿ ಎಂಬುದು ನಿಮ್ಮ ಕೆಲಸ. ಆ ತಾಳ, ಆ ಚಿತ್ರ ಮೊದಲು ಯಾರ ದುಡಿಮೆಯಿಂದ ಬಂದಿತು ಎಂದು ವಿಚಾರಿಸುವುದೂ ನಿಮ್ಮ ಕೆಲಸವೇ.

ಮನೆಯಲ್ಲಿ ಮಾಡಿ ನೋಡಲು ಒಂದು ಚಟುವಟಿಕೆಯನ್ನು ಸೂಚಿಸುತ್ತೇನೆ. ಹಳೆಯ ನೋಟ್ ಪುಸ್ತಕವೊಂದರ 36 ಹಾಳೆಗಳ ಮೂಲೆಯಲ್ಲಿ, ಡೋಲು ಬಾರಿಸುವ ಒಂದು ಕೈಯನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತ ಬರೆಯಿರಿ. ಒಂಬತ್ತು ಹಾಳೆಗೊಮ್ಮೆ ಕೈ ಡೋಲನ್ನು ಮುಟ್ಟಲಿ. ಸೆಕೆಂಡಿಗೆ ಹನ್ನೆರಡು ಹಾಳೆಗಳಷ್ಟು ವೇಗದಲ್ಲಿ ಹೆಬ್ಬೆರಳಿನಿಂದ ಹಾಳೆಗಳನ್ನು ಹಾರಿಸಿದರೆ ಮೂರು ಸೆಕೆಂಡಿನ ಚಿತ್ರ ಸಿದ್ಧ. ಗೆಳೆಯನೊಬ್ಬ ಅದೇ ನಡೆಗೆ ಮೇಜು ತಟ್ಟಲಿ, ಇನ್ನೊಬ್ಬಳು ನಾಲ್ಕು ಸಾಲು ಪ್ರಾಸ ಕಟ್ಟಿ ಹೇಳಲಿ. ಪೆಟ್ಟೂ ಚಿತ್ರವೂ ಒಂದೇ ಕ್ಷಣದಲ್ಲಿ ಕೂಡಿದಾಗ ಆಗುವ ಸಂತೋಷವನ್ನು ನೀವೇ ಅನುಭವಿಸಿ. ಆಮೇಲೆ ಕೊನೆಯ ಹಾಳೆಯಲ್ಲಿ ಬರೆದವರು, ತಟ್ಟಿದವರು, ಹಾಡಿದವರು, ಪೆನ್ಸಿಲು ಚೂಪು ಮಾಡಿಕೊಟ್ಟವರು ಎಲ್ಲರ ಹೆಸರನ್ನೂ ಬರೆಯಿರಿ. ಆ ಹಾಳೆಯನ್ನು ಮಾತ್ರ ಬೇಗ ಹಾರಿಸಬೇಡಿ.